ಕಾದಂಬರಿಯ ಉತ್ತರಭಾಗವೂ ಕಲ್ಲಹಳ್ಳಿಯ ಮಂಗರಸನೂ

ಉಜ್ಜಯಿನಿಯ ಅರಮನೆಯಲ್ಲಿ ಪತ್ರಲೇಖೆಯು ಯುವರಾಜನಾದ ಚಂದ್ರಾಪೀಡನಿಗೆ ಹೇಮಕೂಟದ ವರ್ತಮಾನವನ್ನು ತಿಳಿಸುತ್ತಿರುವಳು. ಗಂಧರ್ವರಾಜಪುತ್ರಿಯಾದ ಕಾದಂಬರಿಯು ತನ್ನೊಡನೆ ಏಕಾಂತದಲ್ಲಿ ಏನೆಂದಳು, ಹೇಗೆ ನಾಚಿದಳು ಎಂಬುದನ್ನೆಲ್ಲ ಅವಳು ಒಂದೊಂದಾಗಿ ಹೇಳುತ್ತಿರುವಳು. ಯುವರಾಜನು ಉಸಿರು ಬಿಗಿಹಿಡಿದು ಕೇಳುತ್ತಿರುವನು. ವಾಚಕನ ಸ್ಥಿತಿಯೂ ಅದೇ. ಆ ಮಾತು ಮುಗಿಯುವುದಕ್ಕೆ ಮೊದಲೇ ಬಾಣಭಟ್ಟನ ಲೇಖನಿಯು ನಿಂತುಹೋಯಿತು. ಕ್ರಿ. ಶ. 606 ರಿಂದ 647 ರ ವರೆಗೆ ಆಳಿದ ಹರ್ಷವರ್ಧನನ ಆಸ್ಥಾನದಲ್ಲಿದ್ದ ಆ ಮಹಾಕವಿಯು ಕಥೆಯನ್ನು ಮುಗಿಸದೆಯೇ ಕಾಲವಶನಾದನು. ಉಳಿದುದನ್ನು ಬರೆದು ಮುಗಿಸಿದವನು ಅವನ ಮಗನು.

ಅಂದಿನಿಂದ ಇಂದಿನವರೆಗೆ ಸಹೃದಯರು ಈ ಗ್ರಂಥವನ್ನು ಪೂರ್ವಭಾಗವೆಂದೂ ಉತ್ತರಭಾಗವೆಂದೂ ಎರಡಾಗಿ ಎಣಿಸುತ್ತ, ಮೊದಲನೆಯದನ್ನು ತಲೆಯ ಮೇಲಿಟ್ಟುಕೊಂಡು, ಎರಡನೆಯದನ್ನು ಕಥೆಯ ಕೊನೆ ತಿಳಿಯಬೇಕಲ್ಲ ಎಂಬ ಒಂದು ಕಾರಣಕ್ಕಾಗಿ ಓದುತ್ತ ಬಂದಿರುವರು. 1896 ರಲ್ಲಿ ಲಂಡನ್ನಿನಲ್ಲಿ ಸಿ. ಎಂ. ರಿಡ್ಡಿಂಗ್ ಎಂಬ ವಿದುಷಿಯು ಪ್ರಕಟಿಸಿದ ಇಂಗ್ಲಿಷ್ ಭಾಷಾಂತರವೇ ಇದಕ್ಕೆ ಸಾಕ್ಷಿ. ಅದರಲ್ಲಿ ತಂದೆಯ ಭಾಗವು ಅಲ್ಲಲ್ಲಿ ಬಿಟ್ಟ ವರ್ಣನೆಗಳ ಹೊರತು ಭಾಷಾಂತರವಾಗಿಯೇ ಬಂದಿರುವುದು. ಮಗನ ಭಾಗಕ್ಕೆ ದೊರೆತುದು ಸಾರಾಂಶ ಮಾತ್ರ. ಆಕೆಯು ಗ್ರಂಥದ ಮುಖಪುಟದಲ್ಲಿಯೇ ಈ ಭೇದವನ್ನು ಅಚ್ಚುಹಾಕಿಸಿರುವಳು. ತಂದೆಯ ಊಟದ ಎಲೆಯಲ್ಲಿ ಮಗನಿಗೆ ಒಂದು ಮೂಲೆಯೂ ದೊರೆಯದೆ ಹೋದುದು ಹೀಗೆ.

ಇದಕ್ಕೂ ಗುರುಪುರ, ಹುಣಸೂರು, ಪಿರಿಯಾಪಟ್ಟಣಗಳ ಸೀಮೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಉಂಟು. ಒಬ್ಬನು ಅರ್ಧಕ್ಕೆ ಬಿಟ್ಟ ಅದ್ಭುತಪ್ರಣಯದ ಕಥೆಯನ್ನು ಇನ್ನೊಬ್ಬನು ಅಳುಕುತ್ತ ಮುಗಿಸುವುದು ಕನ್ನಡನಾಡಿನಲ್ಲಿಯೂ ಒಮ್ಮೆ ನಡೆಯಿತು. ಹಾಗೆ ಮುಗಿಸಿದವನು ತಾನೇ ನೀರಸವೆಂದು ಒಪ್ಪಿಕೊಂಡ ಆ ಉಳಿದ ಭಾಗದಿಂದಲೇ ಹುಣಸೂರು ಸೀಮೆಯ ಒಬ್ಬ ಪ್ರಭುಕವಿಯು ಎರಡು ಕಾವ್ಯಗಳನ್ನು ಕಟ್ಟಿದನು. ಆ ಕವಿಯ ಬಳಿಗೆ ಹೋಗುವ ಮೊದಲು ಕಾದಂಬರಿಯ ವಾಚಕನಿಗಾದ ಆಶಾಭಂಗವು ಎಂತಹುದೆಂಬುದನ್ನು ಸ್ವಲ್ಪ ನೋಡಬೇಕು.

ಕಥೆಯ ಚೌಕಟ್ಟು ಪ್ರಸಿದ್ಧವಾದುದು. ವಿದಿಶೆಯ ರಾಜನಾದ ಶೂದ್ರಕನ ಸಭೆಗೆ ಒಬ್ಬ ಚಂಡಾಲಕನ್ಯೆಯು ಮಾತನಾಡುವ ಗಿಳಿಯೊಂದನ್ನು ತರುವಳು. ಗಿಳಿಯು ತಾನು ಜಾಬಾಲಿಮುನಿಯ ಆಶ್ರಮದಲ್ಲಿ ಕೇಳಿದ ಕಥೆಯನ್ನು ಹೇಳುವುದು. ಆ ಕಥೆಯೊಳಗೆ ಚಂದ್ರಾಪೀಡನು ಕಿನ್ನರಮಿಥುನವನ್ನು ಬೆನ್ನಟ್ಟಿ ದಾರಿತಪ್ಪಿ ಅಚ್ಛೋದಸರೋವರದ ತಡಿಗೆ ಬರುವನು. ಅಲ್ಲಿ ವೀಣೆಯನ್ನು ನುಡಿಸುತ್ತಿರುವ ತಪಸ್ವಿನಿ ಮಹಾಶ್ವೇತೆಯನ್ನು ಕಾಣುವನು. ಅವಳು ತನ್ನ ಪ್ರಿಯನಾದ ಪುಂಡರೀಕನು ಬೆಳುದಿಂಗಳಿನಲ್ಲಿ ವಿರಹದಿಂದ ಪ್ರಾಣಬಿಟ್ಟುದನ್ನೂ, ಚಂದ್ರಮಂಡಲದಿಂದ ಇಳಿದು ಬಂದ ದಿವ್ಯಪುರುಷನೊಬ್ಬನು ಆ ಶರೀರವನ್ನೆತ್ತಿಕೊಂಡು, ಮತ್ತೆ ಸಮಾಗಮವುಂಟೆಂದು ಹೇಳಿಹೋದುದನ್ನೂ ತಿಳಿಸುವಳು. ಗೆಳತಿಯ ಈ ದುಃಖವನ್ನು ನೋಡಿ ತಾನೂ ಮದುವೆಯಾಗುವುದಿಲ್ಲವೆಂದು ಹಟಹಿಡಿದಿರುವ ಕಾದಂಬರಿಯು ಚಂದ್ರಾಪೀಡನನ್ನು ಕಂಡು ಮನಸೋಲುವಳು. ಅಷ್ಟರಲ್ಲಿ ಉಜ್ಜಯಿನಿಯಿಂದ ತಂದೆಯ ಓಲೆ ಬರುವುದು, ಯುವರಾಜನು ಹೊರಟುಹೋಗುವನು.

ಬಾಣನು ಇಷ್ಟನ್ನು ಹೇಳುವುದಕ್ಕೆ ತೆಗೆದುಕೊಂಡ ಅವಕಾಶವು ಬಹಳ ದೊಡ್ಡದು. ಶಬರರ ಬೇಟೆಗೆ, ಉಜ್ಜಯಿನಿಯ ಬೀದಿಗಳಿಗೆ, ಮಕ್ಕಳಿಲ್ಲದ ವಿಲಾಸವತೀದೇವಿಯ ಕಣ್ಣೀರಿಗೆ, ಯೌವರಾಜ್ಯಾಭಿಷೇಕದ ಮುನ್ನ ಮಂತ್ರಿ ಶುಕನಾಸನು ಮಾಡುವ ಉಪದೇಶಕ್ಕೆ, ಒಂದೊಂದಕ್ಕೂ ಅವನು ನಿಂತು, ಕುಳಿತು, ಮತ್ತೆ ನಿಂತು ನಡೆಯುವನು. ಶುಕನಾಸನ ಉಪದೇಶವಂತೂ ಬೇರೆಯಾಗಿಯೇ ಪಾಠಗ್ರಂಥವಾಗಿ ಸಂಸ್ಕೃತ ವಿದ್ಯಾರ್ಥಿಗಳ ಕೈಯಲ್ಲಿರುವುದು. ಹೀಗೆ ಸಾವಕಾಶವಾಗಿ ನಡೆದುಬಂದ ವಾಚಕನಿಗೆ ನಾಯಿಕೆಯ ದರ್ಶನವಾಗುವುದೇ ಬಹಳ ಹೊತ್ತಿನ ಮೇಲೆ. ದರ್ಶನವಾಗಿ, ಪ್ರೇಮವು ಮೊಳೆತು, ತಾಂಬೂಲವು ಕೈಯಿಂದ ಕೈಗೆ ಸಂದು, ಇನ್ನೇನು ಮಾತು ಬಾಯಿಗೆ ಬರಬೇಕೆನ್ನುವಾಗ ಕವಿಯೇ ಇಲ್ಲವಾದನು. ವಾರಪತ್ರಿಕೆಯ ಧಾರಾವಾಹಿಗೆ ಮುಂದಿನ ವಾರದವರೆಗೆ ಕಾಯುವವರ ಕಳವಳವನ್ನು ನೂರ್ಮಡಿಸಿದರೆ ಅಂದಿನ ರಸಿಕರ ಕಳವಳವು ಊಹೆಗೆ ಬರಬಹುದು.

ಮಗನು ಈ ಕಳವಳವನ್ನು ಕಣ್ಣಾರೆ ಕಂಡವನು. ಉತ್ತರಭಾಗದ ಆರಂಭದ ಶ್ಲೋಕಗಳಲ್ಲಿ ಅವನು ಹೇಳಿಕೊಂಡಿರುವ ಮಾತು ಪ್ರಾಮಾಣಿಕವಾದುದು. ತಂದೆಯು ಸ್ವರ್ಗಕ್ಕೆ ಹೋದಾಗ ಅವನ ವಾಣಿಯೊಡನೆ ಕಥೆಯೂ ಕಡಿದುಹೋಯಿತು. ಅದು ಮುಗಿಯಲಿಲ್ಲವಲ್ಲಾ ಎಂದು ಸಜ್ಜನರು ದುಃಖಪಡುವುದನ್ನು ನೋಡಲಾರದೆ ಕೈಹಾಕಿದೆನೇ ಹೊರತು ಕವಿಯೆಂಬ ಗರ್ವದಿಂದಲ್ಲ, ಎಂಬುದು ಅವನ ಅಭಿಪ್ರಾಯ. ಕಾದಂಬರಿಯ ರಸದಿಂದ ಲೋಕವೆಲ್ಲ ಮತ್ತವಾಗಿರುವಾಗ ರಸವೂ ವರ್ಣವೂ ಇಲ್ಲದ ತನ್ನ ಮಾತನ್ನು ಅದಕ್ಕೆ ಜೋಡಿಸುವುದಕ್ಕೆ ಹೆದರಿಕೆಯಾಗುತ್ತದೆಂದೂ ಅವನು ಮುಚ್ಚುಮರೆಯಿಲ್ಲದೆ ನುಡಿದಿರುವನು. ಕಾದಂಬರಿಯೆಂಬ ಶಬ್ದಕ್ಕೆ ಮದ್ಯವೆಂಬ ಅರ್ಥವೂ ಇರುವುದರಿಂದ ಇಲ್ಲಿ ಶ್ಲೇಷೆಯು ತಾನಾಗಿ ಒದಗಿರುವುದು. ಆದರೆ ಶ್ಲೇಷೆಯ ಹಿಂದಿನ ಅಳುಕು ನಿಜವಾದುದೇ. ತಂದೆ ಬಿತ್ತಿದ ಬೀಜಗಳು ಫಲವನ್ನು ಒಳಗಿಟ್ಟುಕೊಂಡೇ ಇದ್ದವು, ಮಗನಾದವನು ಕೊಯ್ದು ತಂದನಷ್ಟೆ ಎಂಬ ಭಾವವೂ ಅಲ್ಲಿರುವುದು.

ಈ ಅಳುಕು ಸಕಾರಣವಾಗಿತ್ತು. ಉತ್ತರಭಾಗವು ಗಾತ್ರದಲ್ಲಿ ಪೂರ್ವಭಾಗಕ್ಕಿಂತ ಚಿಕ್ಕದು. ಹೊತ್ತ ಹೊರೆಯೋ ಅದಕ್ಕಿಂತ ದೊಡ್ಡದು. ಚಂದ್ರಾಪೀಡನ ಗೆಳೆಯನೂ ಶುಕನಾಸನ ಮಗನೂ ಆದ ವೈಶಂಪಾಯನನು ಅಚ್ಛೋದದ ತೀರದಲ್ಲಿಯೇ ಉಳಿದು, ಮಹಾಶ್ವೇತೆಯನ್ನು ಕಾಡಿ, ಅವಳ ಶಾಪದಿಂದ ಗಿಳಿಯಾಗಬೇಕು. ಅದನ್ನು ಕೇಳಿ ಚಂದ್ರಾಪೀಡನು ಎದೆಯೊಡೆದು ಸಾಯಬೇಕು. ಸಹಗಮನಕ್ಕೆ ಸಿದ್ಧಳಾದ ಕಾದಂಬರಿಯನ್ನು ಅಶರೀರವಾಣಿಯು ತಡೆಯಬೇಕು. ಪತ್ರಲೇಖೆಯು ಇಂದ್ರಾಯುಧವೆಂಬ ಕುದುರೆಯೊಡನೆ ಸರೋವರಕ್ಕೆ ಹಾರಬೇಕು. ಅದೇ ಸರೋವರದಿಂದ ಪುಂಡರೀಕನ ಸ್ನೇಹಿತನಾದ ಕಪಿಂಜಲನು ಮೇಲೆ ಬಂದು, ಕುದುರೆಯಾಗಿದ್ದವನು ತಾನೇ ಎನ್ನಬೇಕು. ಸಾಯುವಾಗ ಪುಂಡರೀಕನು ಚಂದ್ರನನ್ನು ಶಪಿಸಿದನು, ಚಂದ್ರನು ಮರುಶಾಪವನ್ನು ಕೊಟ್ಟನು, ಆದುದರಿಂದ ಚಂದ್ರನೇ ಚಂದ್ರಾಪೀಡನು, ಅವನೇ ಮತ್ತೆ ಶೂದ್ರಕನು. ಪುಂಡರೀಕನೇ ವೈಶಂಪಾಯನನು, ಅವನೇ ಗಿಳಿ. ಪಂಜರವನ್ನು ಹಿಡಿದು ಬಂದ ಚಂಡಾಲಕನ್ಯೆಯು ಪುಂಡರೀಕನ ತಾಯಿಯಾದ ಲಕ್ಷ್ಮಿ. ಇಷ್ಟು ಗಂಟುಗಳನ್ನು ಕೆಲವೇ ಪುಟಗಳಲ್ಲಿ ಬಿಚ್ಚಬೇಕಾದವನಿಗೆ ಉಜ್ಜಯಿನಿಯ ಬೀದಿಯಲ್ಲಿ ನಿಂತು ನೋಡುವುದಕ್ಕೆ ಬಿಡುವೆಲ್ಲಿ?

ವಾಚಕನ ದೂರು ಮುಖ್ಯವಾಗಿ ಮೂರು ಪಾತ್ರಗಳ ವಿಷಯದಲ್ಲಿ ಹುಟ್ಟುವುದು. ಪತ್ರಲೇಖೆಯು ಪೂರ್ವಭಾಗದಲ್ಲಿ ರಾಜಕುಮಾರನ ತಾಂಬೂಲಕರಂಕವನ್ನು ಹಿಡಿದು ನೆರಳಿನಂತಿದ್ದವಳು; ಸೆರೆಯಾಗಿ ಬಂದ ರಾಜಪುತ್ರಿಯಾದರೂ ಒಮ್ಮೆಯೂ ತನ್ನ ದುಃಖವನ್ನು ಹೇಳದವಳು. ಅವಳ ಮನಸ್ಸಿನಲ್ಲಿ ಏನಿತ್ತೆಂಬುದನ್ನು ತಿಳಿಯಬೇಕೆಂಬ ಆಸೆ ಓದಿದವರಿಗೆಲ್ಲ ಉಂಟಾಗುವುದು. ಉತ್ತರಭಾಗವು ಅವಳನ್ನು ನೀರಿಗೆ ಹಾರಿಸಿ, ಆಮೇಲೆ ಚಂದ್ರನ ಪತ್ನಿಯಾದ ರೋಹಿಣಿಯೆಂದು ಹೆಸರಿಟ್ಟು ತೃಪ್ತಿಪಡುವುದು. ಆಕಾಶದ ಒಂದು ನಕ್ಷತ್ರವನ್ನು ತೋರಿಸಿದ ಮಾತ್ರಕ್ಕೆ ಭೂಮಿಯ ಒಬ್ಬ ಹೆಣ್ಣಿನ ಮೌನಕ್ಕೆ ಉತ್ತರ ಸಿಕ್ಕಿದಂತಾಗಲಿಲ್ಲ. ವೈಶಂಪಾಯನನ ಗತಿಯೂ ಹಾಗೆಯೇ. ಜನ್ಮಾಂತರದ ಪ್ರೀತಿಯೇ ಅವನನ್ನು ಮಹಾಶ್ವೇತೆಯ ಕಡೆಗೆ ಎಳೆದುದು. ಅವಳು ಯಾರಿಗಾಗಿ ತಪಸ್ಸು ಮಾಡುತ್ತಿದ್ದಳೋ ಅವನನ್ನೇ ಅರಿಯದೆ ಶಪಿಸಿದಳು. ಇದಕ್ಕಿಂತ ದಾರುಣವಾದ ಸನ್ನಿವೇಶವು ಕಥಾಸಾಹಿತ್ಯದಲ್ಲಿ ಅಪರೂಪ. ತಂದೆಯ ಕೈಗೆ ಇದು ಸಿಕ್ಕಿದ್ದರೆ ಏನಾಗುತ್ತಿತ್ತೋ! ಮಗನ ಕೈಯಲ್ಲಿ ಅದು ಮಹಾಶ್ವೇತೆಯ ಬಾಯಿಂದ ವೃತ್ತಾಂತವಾಗಿ ಬಂದು, ಕೂಡಲೇ ಮುಂದಿನ ಮರಣಕ್ಕೆ ಕಾರಣವಾಗಿ ಮುಗಿದುಹೋಗುವುದು.

ಮೂರನೆಯವಳು ಕಾದಂಬರಿಯೇ. ಇಲ್ಲಿ ಮಾತ್ರ ಮಗನಿಗೆ ನ್ಯಾಯವನ್ನು ದೊರಕಿಸಬೇಕು. ಪ್ರಾಣಹೋದ ಪ್ರಿಯನ ಶರೀರವು ಕೆಡದೆ ಉಳಿದಿರಲು, ಅದರ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು, ಶಾಪವು ಮುಗಿಯುವ ದಿನವನ್ನು ಅರಿಯದೆ ಅವಳು ಕುಳಿತಿರುವ ಚಿತ್ರವು ತಂದೆಯ ಭಾಗದ ಯಾವ ಚಿತ್ರಕ್ಕೂ ಕಡಮೆಯಾದುದಲ್ಲ. ಪೂರ್ವಭಾಗದ ಕಾದಂಬರಿಯು ನಾಚುವ ಹುಡುಗಿ. ಇಲ್ಲಿಯವಳು ಸಾವನ್ನು ಕಾಯುತ್ತ ಕುಳಿತ ಹೆಂಗಸು. ವಸಂತೋತ್ಸವದ ದಿನ ಅವಳ ಆಲಿಂಗನದಿಂದ ಆ ಶರೀರದಲ್ಲಿ ಉಸಿರಾಡುವುದನ್ನು ಓದಿ ಕಣ್ಣೊದ್ದೆಯಾಗದವರು ವಿರಳ. ಉತ್ತರಭಾಗವನ್ನು ಸಾರಾಂಶದಲ್ಲಿ ಮುಗಿಸುವವರು ಕಳೆದುಕೊಳ್ಳುವುದು ಇದನ್ನೇ.

ಕಥೆಯನ್ನು ಹೀಗೆ ತಿರುಗಿಸಿದುದೇ ಮಗನ ತಪ್ಪೆಂದು ಹೇಳುವವರುಂಟು. ಅದು ಸರಿಯಲ್ಲ. ಇಂದ್ರಾಯುಧವನ್ನು ಮೊದಲು ಕಂಡಾಗಲೇ ಚಂದ್ರಾಪೀಡನು, ಇದು ಶಾಪಗ್ರಸ್ತನಾದ ಯಾವನೋ ಮಹಾತ್ಮನಿರಬೇಕೆಂದು ಶಂಕಿಸಿ ಮನಸ್ಸಿನಲ್ಲಿಯೇ ವಂದಿಸುವನು; ಇದು ಬಾಣನೇ ಬರೆದ ಮಾತು. ಗಿಳಿ, ಚಂಡಾಲಕನ್ಯೆ, ಶೂದ್ರಕ, ಇವರೆಲ್ಲರನ್ನೂ ಬಾಗಿಲಲ್ಲಿಯೇ ನಿಲ್ಲಿಸಿದವನೂ ಅವನೇ. ಅಲ್ಲದೆ ಇದರ ಮೂಲವು ಗುಣಾಢ್ಯನ ಬೃಹತ್ಕಥೆಯಲ್ಲಿ ಇದ್ದುದೆಂಬುದಕ್ಕೆ, 11 ನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಬರೆದ ಕಥಾಸರಿತ್ಸಾಗರದಲ್ಲಿ ಕಾಣುವ ಸುಮನಸರಾಜನ ಕಥೆಯು ಸಾಕ್ಷಿ. ಅಲ್ಲಿಯೂ ಗಿಳಿಯುಂಟು, ಜನ್ಮಾಂತರವುಂಟು, ಹೆಸರುಗಳು ಮಾತ್ರ ಬೇರೆ. ಆದುದರಿಂದ ದಾರಿಯು ಮೊದಲೇ ಗೊತ್ತಾಗಿದ್ದಿತು; ಮಗನು ಮಾಡಬೇಕಾಗಿದ್ದುದು ನಡೆಯುವುದು. ತಂದೆಯ ನಡಿಗೆ ಅವನಿಗೆ ಬರಲಿಲ್ಲ.

ಶಾಪ, ಜನ್ಮಾಂತರಗಳಿಂದ ಗಂಟು ಬಿಚ್ಚುವುದೇ ಕವಿಯ ಸೋಮಾರಿತನವೆಂಬ ಇನ್ನೊಂದು ಆಕ್ಷೇಪಣೆಯು ಹೊಸಕಾಲದ ವಾಚಕರದು. ಪುನರ್ಜನ್ಮವು ಕವಿಸಮಯವಾಗಿ ಮಾತ್ರ ಉಳಿದಿರುವ ಮನಸ್ಸಿಗೆ ಹಾಗೆ ತೋರುವುದು ಸಹಜ. ಅದನ್ನು ದಿನದ ಬಾಳಿನಲ್ಲಿ ನಂಬಿ ನಡೆಯುವವರಿಗೆ ಹಾಗೆ ತೋರಲಾರದು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೇ ಇದಕ್ಕೆ ಉದಾಹರಣೆ ದೊರೆಯುವುದು. ಅಲ್ಲಿ ಟಿಬೆಟಿನ ನಿರಾಶ್ರಿತರ ನೆಲೆಯೊಂದಿದ್ದು, 1433 ರಲ್ಲಿ ಟಿಬೆಟಿನಲ್ಲಿ ಸ್ಥಾಪಿತವಾದ ಗ್ಯುದ್ಮೇದ್ ಎಂಬ ತಾಂತ್ರಿಕ ವಿಹಾರವು ಆ ನೆಲೆಯಲ್ಲಿ ಪುನಃ ಪ್ರತಿಷ್ಠಿತವಾಗಿರುವುದು. ಗತಿಸಿದ ಗುರುವು ಮತ್ತೆ ಶಿಶುವಾಗಿ ಹುಟ್ಟುವನೆಂದೂ, ಗುರುತುಗಳಿಂದ ಆ ಶಿಶುವನ್ನು ಹುಡುಕಿ ತರಬೇಕೆಂದೂ ಅವರ ಸಂಪ್ರದಾಯ. ಅಂತಹವರ ಮುಂದೆ ಗಿಳಿಯು ತಾನು ಹಿಂದೆ ಯಾರಾಗಿದ್ದೆನೆಂಬುದನ್ನು ಜಾಬಾಲಿಯಿಂದ ಕೇಳಿ ತಿಳಿಯುವ ಪ್ರಸಂಗವನ್ನು ಓದಿದರೆ, ಅವರು ಅದನ್ನು ಕವಿಯ ಉಪಾಯವೆಂದು ಭಾವಿಸಲಾರರು. 7 ನೆಯ ಶತಮಾನದ ವಾಚಕರೂ ಹಾಗೆಯೇ ಇದ್ದರು. ಆದುದರಿಂದ ಉತ್ತರಭಾಗದ ಮೇಲಿನ ಅಸಮಾಧಾನದಲ್ಲಿ ಒಂದು ಪಾಲು ಕವಿಯದು, ಇನ್ನೊಂದು ಪಾಲು ಓದುವವರ ಕಾಲದ್ದು.

ಕನ್ನಡಕ್ಕೆ ಈ ಕಥೆಯು ಬಂದಾಗ ಒಂದು ವಿಶೇಷವು ನಡೆಯಿತು. 10 ನೆಯ ಶತಮಾನದ ಕೊನೆಯಲ್ಲಿದ್ದ ಒಂದನೆಯ ನಾಗವರ್ಮನು ತಂದೆಮಕ್ಕಳಿಬ್ಬರ ಭಾಗಗಳನ್ನೂ ತೆಗೆದುಕೊಂಡು, ಬಾಣನ ಗದ್ಯವನ್ನು ಚಂಪುವಾಗಿಸಿ, ಕರ್ಣಾಟಕ ಕಾದಂಬರಿಯನ್ನು ರಚಿಸಿದನು. ಛಂದೋಂಬುಧಿಯ ಕರ್ತೃವಾದ ನಾಗವರ್ಮನೇ ಇವನೆಂಬುದು ಬಹುಮಂದಿ ವಿದ್ವಾಂಸರ ಮತ. ಆ ಗ್ರಂಥದಲ್ಲಿ ಅವನು ಸ್ಮರಿಸುವ ರಕ್ಕಸಗಂಗನು ಗಂಗವಂಶದವನು. ಹುಣಸೂರು ಸೀಮೆಗೆ ನೆರೆಯಾದ ದಕ್ಷಿಣ ಕೊಡಗಿನ ಪೆಗ್ಗೂರಿನ ಶಾಸನವು, ಶಕವರ್ಷ 899 ರಲ್ಲಿ ರಕ್ಕಸನೆಂಬ ಗಂಗರಾಜಕುಮಾರನು ಬೆದ್ದೊರೆಗರೆಯನ್ನು, ಎಂದರೆ ದೊಡ್ಡ ಹೊಳೆಯ ದಡದ ನಾಡನ್ನು, ಆಳುತ್ತಿದ್ದನೆಂದು ತಿಳಿಸುವುದು.

ಸಂಸ್ಕೃತದಲ್ಲಿ ಕೈ ಬದಲಾದುದು ಎದ್ದು ಕಾಣುವುದು. ಕನ್ನಡದಲ್ಲಿ ಕೈ ಒಂದೇ. ನಾಗವರ್ಮನು ಬಾಣನ ದೀರ್ಘಸಮಾಸಗಳನ್ನೂ ಮೇಲಿಂದ ಮೇಲೆ ಬರುವ ಉಪಮೆಗಳನ್ನೂ ಬಹಳವಾಗಿ ಕತ್ತರಿಸಿ, ಕಥೆಯ ಓಟವನ್ನು ಮೊದಲಿನಿಂದಲೇ ಚುರುಕು ಮಾಡಿದನು. ಮೊದಲ ಭಾಗವು ಹಗುರವಾದುದರಿಂದ ಎರಡನೆಯ ಭಾಗವು ಬಡಕಲಾಗಿ ತೋರುವುದಿಲ್ಲ. ಪತ್ರಲೇಖೆಯ ಮಾತಿನ ನಡುವೆ ಒಬ್ಬ ಕವಿಯು ಸತ್ತನೆಂಬುದು ಕನ್ನಡ ವಾಚಕನಿಗೆ ಯಾರಾದರೂ ಹೇಳಿದ ಹೊರತು ತಿಳಿಯದು. ಇದು ಲಾಭವೇ, ಆದರೆ ನಷ್ಟವಿಲ್ಲದ ಲಾಭವಲ್ಲ. ತಂದೆಯ ಸಾವಕಾಶವನ್ನು ಕೊಟ್ಟು ಮಗನ ಹೊಲಿಗೆಯನ್ನು ಮುಚ್ಚಿದಂತಾಯಿತು. ಬಾಣನ ಉಜ್ಜಯಿನಿಯಲ್ಲಿ ದಾರಿತಪ್ಪಿ ಅಲೆಯುವ ಸುಖವು ನಾಗವರ್ಮನಲ್ಲಿ ಇಲ್ಲ. ಮುಂದೆ 19 ನೆಯ ಶತಮಾನದಲ್ಲಿ ತುರಮರಿ ಗಂಗಾಧರ ಮಡಿವಾಳೇಶ್ವರರು ಬಾಣನ ಕಥೆಯನ್ನು ಕನ್ನಡ ಗದ್ಯದಲ್ಲಿ ತಂದರು. ಅದೇ ಕಾಲದಿಂದ ಈಚೆಗೆ ಕಾದಂಬರಿಯೆಂಬ ಹೆಸರು ಒಂದು ಗ್ರಂಥವನ್ನು ಬಿಟ್ಟು ಒಂದು ಜಾತಿಯ ಗ್ರಂಥಗಳಿಗೆಲ್ಲ ಸಂದಿತು. ಅರ್ಧಕ್ಕೆ ನಿಂತ ಕಥೆಯ ಹೆಸರೇ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಈ ಸಾಹಿತ್ಯಪ್ರಕಾರಕ್ಕೆ ನಿಂತಿರುವುದು ಒಂದು ವಿನೋದ.

ಇನ್ನು ಕನ್ನಡನಾಡಿನಲ್ಲಿಯೇ ನಡೆದ ಇಂತಹ ಘಟನೆ. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷನಿಗೆ ಗುರುವಾಗಿದ್ದ ಜಿನಸೇನಾಚಾರ್ಯನು ತಾನೇ ಒಂದು ಅಪೂರ್ಣಗ್ರಂಥವನ್ನು ಮುಗಿಸಿದವನು. ಅವನ ಗುರುವಾದ ವೀರಸೇನನು ಜಯಧವಲಟೀಕೆಯನ್ನು ನಡುವೆ ಬಿಟ್ಟು ಗತಿಸಲು, ಶಿಷ್ಯನು ಅದನ್ನು 837 ರಲ್ಲಿ ಪೂರೈಸಿದನು. ಆ ಋಣವು ಅವನ ಪಾಲಿಗೂ ತಿರುಗಿ ಬಂದಿತು. ಅವನು ಕೈಗೊಂಡ ಮಹಾಪುರಾಣದಲ್ಲಿ ಆದಿಪುರಾಣದ 42 ಪರ್ವಗಳು ಮುಗಿದು 43 ನೆಯದರಲ್ಲಿ ಮೂರೇ ಶ್ಲೋಕಗಳಾಗಿದ್ದಾಗ ಅವನೂ ತೀರಿಕೊಂಡನು. ಆದಿಪುರಾಣದ ಉಳಿದ ಪರ್ವಗಳನ್ನೂ, ಅದರ ಮುಂದಿನ ಉತ್ತರಪುರಾಣವನ್ನೂ ಬರೆದವನು ಅವನ ಶಿಷ್ಯನಾದ ಗುಣಭದ್ರನು. ಉತ್ತರಪುರಾಣಕ್ಕೆ 898 ರಲ್ಲಿ ಬಂಕಾಪುರದಲ್ಲಿ ಪೂಜೆ ನಡೆಯಿತು.

ಗುಣಭದ್ರನ ಪಾಲಿಗೆ ಬಂದ ಕಥೆ ಯಾವುದು? ಜಯಕುಮಾರ ಸುಲೋಚನೆಯರ ಕಥೆ. ಹಸ್ತಿನಾಪುರದ ಜಯನು ಭರತಚಕ್ರವರ್ತಿಯ ಸೇನಾಪತಿ. ಸುಲೋಚನೆಯು ಕಾಶಿಯ ಅಕಂಪನರಾಜನ ಮಗಳು. ಸ್ವಯಂವರದಲ್ಲಿ ಅವಳು ಜಯನಿಗೆ ಮಾಲೆ ಹಾಕಲು, ಚಕ್ರವರ್ತಿಯ ಮಗನಾದ ಅರ್ಕಕೀರ್ತಿಯು ಯುದ್ಧಕ್ಕೆ ನಿಂತು ಸೋಲುವನು. ಇಷ್ಟು ಲೌಕಿಕ. ಮುಂದಿನದು ಅಲೌಕಿಕ. ಒಂದು ದಿನ ಅರಮನೆಯ ಮೇಲುಪ್ಪರಿಗೆಯಲ್ಲಿರುವಾಗ ದಂಪತಿಗಳಿಬ್ಬರೂ ಏನನ್ನೋ ಕಂಡು ಒಟ್ಟಿಗೆ ಮೂರ್ಛೆಹೋಗುವರು. ಎಚ್ಚರವಾಗುವಾಗ ಹಿಂದಿನ ಜನ್ಮದ ಹೆಸರುಗಳನ್ನು ಉಚ್ಚರಿಸುವರು. ಒಂದು ಜನ್ಮದಲ್ಲಿ ಅವರು ಪಾರಿವಾಳಗಳ ಜೋಡಿ, ಇನ್ನೊಂದರಲ್ಲಿ ವಿದ್ಯಾಧರದಂಪತಿ. ಜನ್ಮಜನ್ಮಕ್ಕೂ ಒಬ್ಬನೇ ವೈರಿಯು ರೂಪವನ್ನು ಬದಲಾಯಿಸಿಕೊಂಡು ಬಂದು ಅವರನ್ನು ಅಗಲಿಸಿದವನು. ಕಾದಂಬರಿಯ ಉತ್ತರಭಾಗದ ಸಾಮಗ್ರಿಗೂ ಇದಕ್ಕೂ ಎಷ್ಟು ಹತ್ತಿರ! ಭೇದವು ಒಂದೇ. ಅಲ್ಲಿ ಶಾಪವು ಕಟ್ಟುವುದು, ಇಲ್ಲಿ ಕರ್ಮವು. ಅಲ್ಲಿ ಕೊನೆಗೆ ಮದುವೆ, ಇಲ್ಲಿ ಮದುವೆಯ ಮುಂದೆ ವೈರಾಗ್ಯ.

ಗುಣಭದ್ರನೂ ಬಾಣನ ಮಗನಂತೆಯೇ ಆರಂಭದಲ್ಲಿ ಕ್ಷಮೆ ಕೇಳಿಕೊಂಡನು. ಕಬ್ಬಿನ ಬುಡದ ಅರ್ಧವೇ ರಸವುಳ್ಳದ್ದು, ಈ ಪುರಾಣವೂ ಹಾಗೆಯೇ. ಹೇಗಾದರಾಗಲಿ ಮುಗಿದರೆ ಸಾಕೆಂದು ತೊಡಗುತ್ತೇನೆ, ಎಂಬುದು ಅವನ ಮಾತಿನ ತಾತ್ಪರ್ಯ. ವಿನಯವು ಕವಿಗಳಿಗೆ ಆಭರಣವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಜಿನಸೇನನ ಗಂಭೀರವಾದ ವರ್ಣನೆಯಿಂದ ಗುಣಭದ್ರನ ಪರ್ವಗಳಿಗೆ ಬಂದವರಿಗೆ ಹೊಳೆಯಿಂದ ಕಾಲುವೆಗೆ ಬಂದಂತೆ ಆಗುವುದು ನಿಜ. ಆದರೆ ಕಬ್ಬಿನ ವಿಷಯದಲ್ಲಿ ಆಚಾರ್ಯನು ಹೇಳದೆ ಬಿಟ್ಟ ಒಂದು ಸಂಗತಿಯನ್ನು ಕಾವೇರಿಯ ನಾಲೆಗಳ ನೀರುಣ್ಣುವ ಕೃಷ್ಣರಾಜನಗರದ ಬಯಲಿನ ಯಾವ ಒಕ್ಕಲಿಗನೂ ಬಲ್ಲನು. ಗಾಣಕ್ಕೆ ಬುಡವು ಮೇಲು. ಬಿತ್ತನೆಗೆ ತುದಿಯ ತುಂಡೇ ಮೇಲು. ಸಪ್ಪೆಯಾದ ಆ ತುದಿಯ ಕಣ್ಣುಗಳೇ ಬೇಗ ಮೊಳೆಯುವುವು.

ಹಾಗೆ ಮೊಳೆತುದು ಹುಣಸೂರು ಸೀಮೆಯ ಕಲ್ಲಹಳ್ಳಿಯಲ್ಲಿ. 16 ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಪ್ರಭುವಾಗಿದ್ದ ಮೂರನೆಯ ಮಂಗರಸನು ವಿಜಯಭೂಪಾಲನೆಂಬ ಪ್ರಭುವಿನ ಮಗನು. ಇವನ ಹಿರಿಯರು ಚೆಂಗಾಳ್ವ ಅರಸರಲ್ಲಿ ಸಚಿವರಾಗಿದ್ದವರು. ಮಂಗರಸನು ಮನೆತನದ ಜೈನಧರ್ಮವನ್ನು ಬಿಡದೆ, ಒಂದಲ್ಲ ಎರಡಲ್ಲ ಆರು ಗ್ರಂಥಗಳನ್ನು ಬರೆದನು. ಅವುಗಳಲ್ಲಿ ಸಮ್ಯಕ್ತ್ವಕೌಮುದಿಯು 1508 ರದು. ನೇಮಿಜಿನೇಶಸಂಗತಿ, ಪ್ರಭಂಜನಚರಿತೆ, ಶ್ರೀಪಾಲಚರಿತೆಗಳು ಸಾಂಗತ್ಯದಲ್ಲಿಯೂ, ಜಯನೃಪಕಾವ್ಯವು ಪರಿವರ್ಧಿನೀ ಷಟ್ಪದಿಯಲ್ಲಿಯೂ ಇರುವುವು. ಆರನೆಯದು ಸೂಪಶಾಸ್ತ್ರ, ಅಡಿಗೆಯ ಗ್ರಂಥ. ಪ್ರಭುವೊಬ್ಬನು ಭಕ್ಷ್ಯಭೋಜ್ಯಗಳ ಪಾಕಕ್ರಮವನ್ನು ವಾರ್ಧಕ ಷಟ್ಪದಿಯಲ್ಲಿ ಹಾಡಿದುದು ಕೇಳುವವರಿಗೆ ನಗೆಯನ್ನು ತರಿಸಿದರೂ, ಮಂಗರಸನ ಹೆಸರನ್ನು ಇಂದಿಗೂ ಹಲವರ ಬಾಯಲ್ಲಿ ಉಳಿಸಿರುವುದು ಆ ಗ್ರಂಥವೇ.

ಮಂಗರಸನಿಗೆ ಈ ಕಥೆಗಳು ದೂರದಿಂದ ಬರಬೇಕಾಗಿರಲಿಲ್ಲ. ಕಾವೇರಿಯ ತಡಿಯ ಹನಸೋಗೆಯು, ಶಾಸನಗಳ ಪನಸೋಗೆಯು, ಹಳೆಯ ಜೈನಕೇಂದ್ರ. ಅಲ್ಲಿಯ ಬಸದಿಯು ಮೊದಲು ದಶರಥಪುತ್ರನಾದ ರಾಮನಿಂದ ಸ್ಥಾಪಿತವಾಯಿತೆಂದೂ, ಗಂಗರು ದತ್ತಿಬಿಟ್ಟರೆಂದೂ, 11 ನೆಯ ಶತಮಾನದಲ್ಲಿ ನನ್ನಿಚೆಂಗಾಳ್ವನು ಅದನ್ನು ಮತ್ತೆ ಕಟ್ಟಿಸಿದನೆಂದೂ ಶಾಸನವು ಹೇಳುವುದು. ಅಲ್ಲಿ ನೆಲೆಸಿದ ಆದಿನಾಥನ ಪುರಾಣವೇ ಜಿನಸೇನನು ಅರ್ಧಕ್ಕೆ ಬಿಟ್ಟ ಪುರಾಣವು.

ಮಂಗರಸನ ಆಯ್ಕೆಯನ್ನು ನೋಡಿದರೆ ಆಶ್ಚರ್ಯವಾಗುವುದು. ಜಯನೃಪಕಾವ್ಯದ ಕಥೆಯು ಗುಣಭದ್ರನು ಬರೆದ ಪರ್ವಗಳ ಕಥೆ. ಶ್ರೀಪಾಲಚರಿತೆಯ ನಾಯಕನಾದ, ಪುಂಡರೀಕಿಣೀಪುರದ ಗುಣಪಾಲರಾಜನ ಮಗ ಶ್ರೀಪಾಲನೂ ಅದೇ ಪರ್ವಗಳಲ್ಲಿ ಬರುವವನು. ಜಯನು ಕೇಳಲು ಸುಲೋಚನೆಯು ಹೇಳುವ ಕಥೆಯೇ ಅವನದು. ಎಂದರೆ ಆಚಾರ್ಯನು ಕಬ್ಬಿನ ತುದಿಯೆಂದು ಸಂಕೋಚಪಟ್ಟ ಐದು ಪರ್ವಗಳಿಂದ ಕಲ್ಲಹಳ್ಳಿಯ ಪ್ರಭುವು ಎರಡು ಕಾವ್ಯಗಳನ್ನು ತೆಗೆದನು. ಜಿನಸೇನನ ಭಾಗವಾದ ಭರತ ಬಾಹುಬಲಿಗಳ ಕಥೆಯು ಅವನ ಕೈಯನ್ನು ಕಾಯುತ್ತಿರಲಿಲ್ಲ. ಅದನ್ನು 941 ರಲ್ಲಿಯೇ ಪಂಪನು ಕನ್ನಡದಲ್ಲಿ ಹೇಳಿ ಮುಗಿಸಿದ್ದನು. ಪೂರ್ಣವಾಗಿ, ಸುಂದರವಾಗಿ ಆಗಿಹೋದ ಕೆಲಸವು ಮುಂದಿನವನಿಗೆ ನಮಸ್ಕಾರಕ್ಕೆ ಮಾತ್ರ ಎಡೆಗೊಡುವುದು. ಅವಸರದಲ್ಲಿ ಹೇಳಿಹೋದ ಕಥೆಯಲ್ಲಿಯಾದರೋ ಇನ್ನೂ ಹೇಳಬೇಕಾದುದು ಉಳಿದಿರುವುದು.

ಜಯನೃಪಕಾವ್ಯವು ದೊಡ್ಡ ಕಾವ್ಯವೆಂದು ಹೇಳುವುದು ಅತಿಶಯೋಕ್ತಿಯಾದೀತು. ಷಟ್ಪದಿಯ ಕಾಲದ ಕವಿಗಳಿಗೆಲ್ಲ ಇದ್ದ ವರ್ಣನೆಯ ಚಪಲವು ಮಂಗರಸನಿಗೂ ಇದ್ದಿತು. ಆದರೆ ಗೇಯವಾದ ಮಟ್ಟಿನಲ್ಲಿ, ಮನೆಯಲ್ಲಿ ಕುಳಿತು ಹಾಡಿ ಕೇಳಬಹುದಾದ ಕನ್ನಡದಲ್ಲಿ, ಹಿಂದಿನ ಜನ್ಮವನ್ನು ನೆನೆದು ಒಟ್ಟಿಗೆ ಮೂರ್ಛೆಹೋದ ಗಂಡಹೆಂಡಿರ ಕಥೆಯು ಈ ಸೀಮೆಯ ಜನರಿಗೆ ದೊರೆಯಿತು. ಸಂಸ್ಕೃತ ಪುರಾಣದ ಓಲೆಗರಿಯನ್ನು ಬಿಚ್ಚಲಾರದವರಿಗೆ ಜಯನೂ ಸುಲೋಚನೆಯೂ ಯಾರೆಂದು ತಿಳಿಸಿದವನು ಜಿನಸೇನನೂ ಅಲ್ಲ, ಗುಣಭದ್ರನೂ ಅಲ್ಲ. ಚೆಂಗಾಳ್ವರ ರಾಜಧಾನಿಯಾಗಿದ್ದ ಪಿರಿಯಾಪಟ್ಟಣವು 17 ನೆಯ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರ ವಶವಾಯಿತು, ಕಲ್ಲಹಳ್ಳಿಯ ಪ್ರಭುತ್ವವೂ ಹೆಸರಿಲ್ಲದಂತೆ ಹೋಯಿತು, ಕಾವ್ಯಗಳು ಉಳಿದುವು.

ಬಾಣನ ಮಗನಿಗೆ ಮಂಗರಸನಂತಹ ಒಬ್ಬನು ಸಿಕ್ಕಲಿಲ್ಲವೆಂದೇ ಹೇಳಬೇಕು. ನಾಗವರ್ಮನು ಅವನನ್ನು ತಂದೆಯೊಡನೆ ಕರಗಿಸಿದನು. ಪತ್ರಲೇಖೆಯನ್ನಾಗಲಿ, ಶಪಿಸಿದ ಮೇಲೆ ಸತ್ಯವನ್ನು ತಿಳಿದ ಮಹಾಶ್ವೇತೆಯ ರಾತ್ರಿಯನ್ನಾಗಲಿ ಬೇರೆಯಾಗಿ ಎತ್ತಿಕೊಂಡು ಹೇಳುವ ಕವಿಯು ಹಳೆಯ ಕಾಲದಲ್ಲಿ ಬರಲಿಲ್ಲ. ಕೊನೆಗೆ ಅವನ ಹೆಸರೂ ನೆಟ್ಟಗೆ ಉಳಿಯಲಿಲ್ಲ. ಭೂಷಣಭಟ್ಟನೆಂದು ಕೆಲವರು ಕರೆಯುವರು, ಪುಲಿಂದನೆಂದು ಕೆಲವರು. ಎರಡನೆಯ ಹೆಸರಿಗೆ ಆಧಾರವಾಗಿರುವ ಒಂದು ಮಾತು ಧಾರಾನಗರದ ಧನಪಾಲನದು. ಭೋಜರಾಜನ ಕಾಲದಲ್ಲಿ ತಿಲಕಮಂಜರಿಯೆಂಬ ಗದ್ಯಕಥೆಯನ್ನು ಬರೆದ ಅವನು, ಬಾಣವೆಂದರೆ ಅಂಬು, ಪುಲಿಂದನೆಂದರೆ ಬೇಡ ಎಂಬ ಶ್ಲೇಷೆಯನ್ನು ಹಿಡಿದು, ಬಾಣವೊಂದೇ ಕವಿಗಳ ಮದವನ್ನಿಳಿಸುವುದಾದರೆ, ಬೇಡನು ಬಳಿಯಲ್ಲಿ ನಿಂತು ಹೂಡಿದ ಬಾಣದ ವಿಷಯವನ್ನು ಹೇಳುವುದೇನೆಂದು ಕೇಳಿರುವನು. ತಂದೆಮಕ್ಕಳಿಬ್ಬರನ್ನೂ ಒಂದೇ ಉಸಿರಿನಲ್ಲಿ ಹೊಗಳಿದ ವಾಚಕನೊಬ್ಬನು, ಕಥೆಯು ಮುಗಿದ ಮುನ್ನೂರು ನಾನೂರು ವರ್ಷಗಳ ಮೇಲೆ, ಹೀಗೆ ದೊರೆತನು.